ಹನಿ ನೀರಾವರಿಯಲ್ಲಿ ಉಳಿದ ನೀರು ಮತ್ತು ಕಬ್ಬಿನ ವಿಸ್ತೀರ್ಣ

2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ದರ ಕೇಳಿ ಹೋರಾಟ ನಡೆಸಿದರು. ಬೇಡಿಕೆ ನ್ಯಾಯವಾದುದೇ. ಆದರೆ ಉತ್ತಮ ದರದ ನಿರೀಕ್ಷೆಯಲ್ಲಿ ಕಬ್ಬಿನ ವಿಸ್ತೀರ್ಣ ಹೆಚ್ಚಿದರೆ ಅದಕ್ಕೆ ನೀರೆಲ್ಲಿಂದ ಎಂಬ ಪ್ರಶ್ನೆ ಮಾತ್ರ ಚರ್ಚೆಗೆ ಬರುವುದು ಅಪರೂಪ. ಹನಿ ನೀರಾವರಿ ಇದೆಯಲ್ಲ ಎಂಬ ಉತ್ತರ ಸದಾ ಸಿದ್ಧವಾಗಿರುತ್ತದೆ.

ಲೆಕ್ಕ ಹಾಕಿ ನೋಡೋಣ. ಹಾಯಿ ನೀರಾವರಿಯಲ್ಲಿ ಕಬ್ಬಿಗೆ 2,000 ಮಿ.ಮೀ. ನೀರು ಕೊಟ್ಟರೆ ಎಕರೆಗೆ ಸುಮಾರು 81 ಲಕ್ಷ ಲೀಟರ್ ಆಗುತ್ತದೆ. ಹನಿ ಪದ್ಧತಿಯಿಂದ ಶೇ. 30ರಷ್ಟು ಉಳಿಸಿದರೆ 57 ಲಕ್ಷ ಲೀಟರ್ ಸಾಕು. ಆದರೆ ಉಳಿದ ನೀರನ್ನು ನಂಬಿ ಕಬ್ಬನ್ನು ಒಂದೂವರೆ ಎಕರೆಗೆ ವಿಸ್ತರಿಸಿದೊಡನೆ ಬಳಕೆ 85 ಲಕ್ಷ ಲೀಟರ್‌ಗೆ, ಅಂದರೆ ಮೊದಲಿಗಿಂತಲೂ ಮೇಲಕ್ಕೆ ಹೋಗುತ್ತದೆ. ಇದಲ್ಲದೆ, ಹಾಯಿಸಿದ ನೀರಿನಲ್ಲಿ ಒಂದು ಪಾಲು ಆಳಕ್ಕೆ ಬಸಿದು ಅಂತರ್ಜಲ ಸೇರುತ್ತಿತ್ತು. ಹನಿ ಪದ್ಧತಿಯಲ್ಲಿ ಆ ಪಾಲು ಬಹುಮಟ್ಟಿಗೆ ನಿಲ್ಲುತ್ತದೆ. ಹೊಲದ ಮಟ್ಟದ ಉಳಿತಾಯ ಜಲಾನಯನದ ಉಳಿತಾಯವಾಗಬೇಕಿಲ್ಲವೆಂದು 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಗ್ರಾಫ್ಟನ್ ಮತ್ತು ಸಹಲೇಖಕರು ಎಚ್ಚರಿಸಿದ್ದರು. ನಮ್ಮಲ್ಲಿ ಸಹಾಯಧನವನ್ನು ಇಂದಿಗೂ ಹನಿ ಅಳವಡಿಸಿದ ವಿಸ್ತೀರ್ಣದ ಮೇಲೆ ಅಳೆಯಲಾಗುತ್ತದೆಯೇ ಹೊರತು ಮೇಲೆತ್ತಿದ ನೀರಿನ ಮೇಲಲ್ಲ. ಇದು ಸರಿಯಾದ ಅಳತೆಯಲ್ಲವೆಂಬುದು ನನ್ನ ಅಭಿಪ್ರಾಯ.

ಇದರಿಂದ ಹನಿ ನೀರಾವರಿ ಬೇಡವೆಂದು ಅರ್ಥೈಸಬಾರದು. ರಸಾವರಿ, ಕಳೆ ನಿಯಂತ್ರಣ, ಕೂಲಿ ಉಳಿತಾಯಗಳ ದೃಷ್ಟಿಯಿಂದ ಅದು ನಿಸ್ಸಂಶಯವಾಗಿ ಲಾಭಕರ. ತಪ್ಪುತ್ತಿರುವುದು ವಿಸ್ತೀರ್ಣದ ನಿರ್ಧಾರದಲ್ಲಿ. ನಾಟಿಯ ಸಮಯದಲ್ಲಿ ಕೊಳವೆಬಾವಿ ತುಂಬಿ ಹರಿಯುತ್ತದೆ. ಬೆಳೆಯ ಭವಿಷ್ಯ ತೀರ್ಮಾನವಾಗುವುದು ಏಪ್ರಿಲ್–ಮೇ ತಿಂಗಳಲ್ಲಿ. ಆಗ ಗಂಟೆಗೆ 5,000 ಲೀಟರ್ ಸಿಕ್ಕು, ದಿನಕ್ಕೆ 7 ಗಂಟೆ ವಿದ್ಯುತ್ ಇದ್ದರೆ ದೊರೆಯುವುದು 35,000 ಲೀಟರ್. ಬೇಸಿಗೆಯಲ್ಲಿ ಬೆಳೆದು ನಿಂತ ಕಬ್ಬಿಗೆ ದಿನಕ್ಕೆ 6 ಮಿ.ಮೀ.ನಂತೆ, ಹನಿ ವ್ಯವಸ್ಥೆಯ ಅಲ್ಪ ನಷ್ಟವೂ ಸೇರಿ, ಎಕರೆಗೆ ಸುಮಾರು 27,000 ಲೀಟರ್ ಬೇಕು. ಅಂದರೆ ಆ ಬಾವಿ ತಾಳುವುದು ಒಂದೂಕಾಲು ಎಕರೆ ಮಾತ್ರ.

ಆದ್ದರಿಂದ ರೈತ ಬಾಂಧವರು ಮೇ ತಿಂಗಳಲ್ಲಿ ಡ್ರಮ್ ತುಂಬುವ ಅವಧಿಯನ್ನು ಅಳೆದು ಬರೆದಿಟ್ಟುಕೊಂಡು, ಮುಂದಿನ ನಾಟಿಯ ವಿಸ್ತೀರ್ಣವನ್ನು ಅದಕ್ಕನುಗುಣವಾಗಿ ನಿಗದಿಪಡಿಸುವುದು ಸೂಕ್ತ. ಕಬ್ಬಿನ ಸಾಲುಗಳ ನಡುವೆ ರವದಿಯನ್ನು ಸುಡದೆ ಹೊದಿಸಬೇಕು. ಉಳಿದ ಭೂಮಿಯಲ್ಲಿ ಮುಂಗಾರಿಗೆ ಸೋಯಾ ಅವರೆ, ಹಿಂಗಾರಿಗೆ ಕಡಲೆ ಅಥವಾ ಜೋಳ ಬೆಳೆಯಬಹುದು.