ಕೆಚ್ಚಲಿನ ಕಾವಲು ಮತ್ತು ಸಂಘದ ಹೊಣೆ

ಗಿರಣಿಯ ಸಂಬಳ ಸಾಲದೆ ಮನೆಯ ಹಿಂದೆ ಆಕಳು ಕಟ್ಟಿಕೊಂಡ ಕಾರ್ಮಿಕ, ದಿನವೂ ಹಾಲು ಕೊಂಡು ಚಹಾ ಮಾರುವ ಅಂಗಡಿಕಾರ, ಇಬ್ಬರ ಲೆಕ್ಕವನ್ನೂ ಬುಡಮೇಲು ಮಾಡುವ ರೋಗ ಕೆಚ್ಚಲು ಬಾವು. ಕೆಚ್ಚಲು ಊದಿ ಹಾಲು ಒಡೆದಂತೆ ಬಂದರೆ ದೃಷ್ಟಿ ತಾಕಿತೆನ್ನುವವರು ಇಂದಿಗೂ ಇದ್ದಾರೆ. ದೃಷ್ಟಿಯೂ ಅಲ್ಲ, ಮಾಟವೂ ಅಲ್ಲ. ಇದು ಕಣ್ಣಿಗೆ ಕಾಣದ ರೋಗಾಣುಗಳ ಕೆಲಸ.

ಆಕಳು ಇವುಗಳೆದುರು ನಿರಾಯುಧವಾಗಿಲ್ಲ. ಮೊಲೆಯ ತುದಿಯ ರಂಧ್ರವನ್ನು ಸ್ನಾಯುವೊಂದು ಬಿಗಿಯಾಗಿ ಮುಚ್ಚಿರುತ್ತದೆ. ಅದರೊಳಗಿನ ಮೇಣದಂಥ ಪದರ ರೋಗಾಣುಗಳನ್ನು ತಡೆಯುತ್ತದೆ. ಅದನ್ನೂ ದಾಟಿದವನ್ನು ರಕ್ತದಿಂದ ಧಾವಿಸಿ ಬರುವ ಬಿಳಿಯ ಕಣಗಳು ನುಂಗಿಹಾಕುತ್ತವೆ. ಈ ಕಾವಲು ಸಡಿಲುವುದು ಕೊಟ್ಟಿಗೆಯ ಸ್ಥಿತಿಯಿಂದ: ಸಗಣಿ ಗಂಜಲದ ನೆಲ, ಒಂದರಿಂದ ಇನ್ನೊಂದು ಆಕಳಿಗೆ ತೊಳೆಯದೆ ಹೋಗುವ ಕೈ, ಬರಿಯ ಒಣಹುಲ್ಲು. ಹಸಿ ಮೇವಿನಲ್ಲಿರುವ ಇ ಜೀವಸತ್ವ ಸಾಲದಾದರೆ ಬಿಳಿಯ ಕಣಗಳ ಶಕ್ತಿ ಕುಂದುತ್ತದೆ. ಹಾಲು ಕರೆದ ಮೇಲೆ ರಂಧ್ರ ಪೂರ್ತಿ ಮುಚ್ಚಿಕೊಳ್ಳಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟರಲ್ಲಿ ಆಕಳು ಸಗಣಿಯ ಮೇಲೆ ಮಲಗಬಾರದು. ಕರೆದ ಕೂಡಲೆ ಮೇವು ಹಾಕಿ ನಿಲ್ಲಿಸಿಕೊಳ್ಳುವುದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ಹೊರಗೆ ಕಾಣದ ಬಾವು ಇನ್ನೂ ಕೇಡಿನದು. ಹಾಲು ಚೆನ್ನಾಗಿಯೇ ತೋರುತ್ತದೆ; ಅಳತೆ ಮಾತ್ರ ಇಳಿಯುತ್ತ ಹೋಗುತ್ತದೆ. ಇದನ್ನು ಕೊಟ್ಟಿಗೆಯಲ್ಲೇ ಪತ್ತೆಹಚ್ಚುವ ಪರೀಕ್ಷೆ ಕ್ಯಾಲಿಫೋರ್ನಿಯಾದಲ್ಲಿ 1957ರಲ್ಲೇ ಸಿದ್ಧವಾಯಿತು. ನಾಲ್ಕು ಮೊಲೆಗಳ ಹಾಲನ್ನು ಬೇರೆ ಬೇರೆ ಬಟ್ಟಲಿಗೆ ಕರೆದು, ಅಷ್ಟೇ ದ್ರಾವಣ ಬೆರೆಸಿ ಅಲ್ಲಾಡಿಸಿದರೆ ಕಣಗಳು ಹೆಚ್ಚಿರುವ ಹಾಲು ಲೋಳೆಯಾಗುತ್ತದೆ. ಮಿಲಿಲೀಟರಿಗೆ 2 ಲಕ್ಷ ಕಣ ದಾಟಿದ ಹಾಲಿನಲ್ಲಿ ಸೋಂಕು ಶಂಕಿಸಬೇಕು.

ಇಂಥ ಸರಳ ಪರೀಕ್ಷೆ ಪ್ರತಿಯೊಂದು ಹಾಲಿನ ಸಂಘದಲ್ಲಿ ಏಕಿರಬಾರದೆಂದು ನಾವು ಕೇಳುತ್ತೇವೆ. ಜಿಡ್ಡು ಅಳೆದು ಬೆಲೆ ಕಟ್ಟುವ ಸಂಘಕ್ಕೆ ಆಕಳ ಆರೋಗ್ಯವೂ ಸೇರಿದ್ದಲ್ಲವೆ? ರೋಗ ಬಲಿತ ಮೇಲೆ ಬಡವ ಪಶುವೈದ್ಯರನ್ನು ಕೇಳದೆ ಅಂಗಡಿಯಿಂದ ಆಂಟಿಬಯಾಟಿಕ್ ತಂದು ಮೊಲೆಗೆ ಏರಿಸುತ್ತಾನೆ. ಔಷಧದ ಗಡುವು ಮುಗಿಯುವ ಮೊದಲೇ ಆ ಹಾಲು ಚಹಾದಂಗಡಿಗೂ ಮಕ್ಕಳ ಲೋಟಕ್ಕೂ ಬರುತ್ತದೆ. ಆ ಹಾಲನ್ನು ಚೆಲ್ಲಬೇಕೆಂಬುದು ನಿಜ. ಆದರೆ ಒಂದೇ ಆಕಳಿನವನು ಚೆಲ್ಲಿದ ಹಾಲಿನ ನಷ್ಟವನ್ನೆಲ್ಲ ತಾನೇ ಹೊರಬೇಕಾದರೆ ಈ ಬೋಧನೆ ಅವನ ಹೊಟ್ಟೆ ತುಂಬಿಸದು.

ಪರೀಕ್ಷೆ ಸಂಘದಲ್ಲಿ ನಡೆಯಲಿ. ಚೆಲ್ಲಿದ ಹಾಲಿನ ನಷ್ಟದಲ್ಲಿ ಸಂಘವೂ ಪಾಲು ಹೊರಲಿ. ಆಕಳು ಸಾಕಿದ ಓದುಗರು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಎರಡು ಬೇಡಿಕೆಗಳನ್ನು ಒಕ್ಕೊರಲಿನಿಂದ ಎತ್ತಬೇಕೆಂದು ನಾವು ಕೇಳಿಕೊಳ್ಳುತ್ತೇವೆ.