ಇಂಚಿನ ಲೆಕ್ಕದ ವೆಲ್ಡಿಂಗ್

ವೆಲ್ಡಿಂಗಿಗೆ ಇಂಚಿನ ಲೆಕ್ಕದಲ್ಲೋ, ಉರಿಸಿದ ರಾಡಿನ ಲೆಕ್ಕದಲ್ಲೋ ಕೂಲಿ ಕೊಡುವ ಪದ್ಧತಿ ಗೇಟಿಗೆ, ಕಿಟಕಿ ಗ್ರಿಲ್ಲಿಗೆ ಸರಿ. ಭಾರ ಹೊರುವ ಗಾಡಿಯ ಫ್ರೇಮಿಗೆ ಅದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮವರಲ್ಲಿ ಲಾರಿ ಇಟ್ಟವರಿದ್ದಾರೆ, ಕೆಂಪು ಕಲ್ಲು ಸಾಗಿಸುವ ಪಿಕಪ್ ಇಟ್ಟವರಿದ್ದಾರೆ, ಹಾರ್ಡ್‌ವೇರ್ ಅಂಗಡಿಯಲ್ಲಿ ರಾಡ್ ಮಾರುವವರಿದ್ದಾರೆ, ಮಗನನ್ನು ಗ್ಯಾರೇಜಿಗೆ ಕಳಿಸಿದವರೂ ಇದ್ದಾರೆ. ಆದ್ದರಿಂದ ಟ್ರ್ಯಾಕ್ಟರಿನ ಮಾತು ನಮಗೇಕೆ ಎಂದು ಪುಟ ತಿರುಗಿಸಬೇಡಿ.

ನಾನೀಗ ಇರುವುದು ಹಿಂದೂಪುರದಲ್ಲಿ. ಗೌರಿಬಿದನೂರು ದಾಟಿದರೆ ಸಿಗುವ ಆಂಧ್ರದ ಊರು, ತೆಲುಗಿನ ಜೊತೆಗೆ ಕನ್ನಡವೂ ನಡೆಯುತ್ತದೆ. ಹುಣಸೆಹುಳಿ ಮತ್ತು ಬೆಲ್ಲದ ಮಾರುಕಟ್ಟೆಗೆ ಹೆಸರಾದ ಊರಾದ್ದರಿಂದ ದಿನಸಿ ಅಂಗಡಿಯವನ ಮಗನಾದ ನನಗೆ ಇದರ ಹೆಸರು ಚಿಕ್ಕಂದಿನಲ್ಲೇ ಗೊತ್ತಿತ್ತು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೃಷಿ ಯಂತ್ರಗಳ ರಿಪೇರಿಗೆ ಇಳಿದ ಮೇಲೆ ಕೆಲಸ ಕಲ್ಯಾಣದುರ್ಗದವರೆಗೂ ಹಬ್ಬಿದೆ. ಅಲ್ಲಿಯದು ಕೆಂಪು, ಕಲ್ಲು ತುಂಬಿದ ನೆಲ. ಶೇಂಗಾ ಹೊಲಗಳ ನಡುನಡುವೆ ಚೀನಿ ಹಣ್ಣಿನ ತೋಟಗಳು, ಅಂದರೆ ನಮ್ಮ ಮೂಸಂಬಿ, ದಾಳಿಂಬೆಯೂ ಇದೆ. ಮರದ ಸಾಲುಗಳ ನಡುವೆ ದೊಡ್ಡ ಟ್ರ್ಯಾಕ್ಟರ್ ತಿರುಗುವುದಿಲ್ಲ, ಹಾಗಾಗಿ ಸಣ್ಣವಕ್ಕೆ ಬೇಡಿಕೆ.

ಮಾಮೂಲಿ ಟ್ರ್ಯಾಕ್ಟರಿಗೆ ಲಾರಿಯಂತೆ ಬೇರೆ ಚಾಸಿಸ್ ಇರುವುದಿಲ್ಲ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲಿನ ಹೌಸಿಂಗುಗಳನ್ನು ಬೋಲ್ಟ್ ಹಾಕಿ ಜೋಡಿಸಿ ಅದನ್ನೇ ಬೆನ್ನೆಲುಬು ಮಾಡಿರುತ್ತಾರೆ. 1917ರ ಫೋರ್ಡ್‌ಸನ್ ಟ್ರ್ಯಾಕ್ಟರ್ ಈ ವಿಧಾನವನ್ನು ಎಲ್ಲೆಡೆ ಹರಡಿತು. ಇಟಲಿಯ ಕಂಪನಿಗಳು ದ್ರಾಕ್ಷಿ ತೋಟಗಳಿಗಾಗಿ ಇನ್ನೊಂದು ಬಗೆಯದನ್ನು ಮಾಡುತ್ತವೆ: ಗಾಡಿಯ ಮೈ ಎರಡು ತುಂಡು, ನಡುವೆ ಬಾಗಿಲಿನ ತಿರುಗಣಿಯಂಥ ಕೀಲು. ಸ್ಟಿಯರಿಂಗ್ ತಿರುಗಿಸಿದರೆ ಚಕ್ರ ತಿರುಗುವುದಿಲ್ಲ, ಗಾಡಿಯೇ ನಡುವಿನಲ್ಲಿ ಮಡಿಚುತ್ತದೆ. ಮುಂದಿನ ಚಕ್ರದ ಜಾಡಿನಲ್ಲೇ ಹಿಂದಿನದೂ ಬರುತ್ತದೆ. ಇಕ್ಕಟ್ಟಿನಲ್ಲಿ ಬಹಳ ಅನುಕೂಲ, ಆದರೆ ಎಳೆತ, ತಿರುಚು, ಕುಲುಕಾಟ ಎಲ್ಲವೂ ಆ ಕೀಲಿನ ಕಿವಿಗಳ ಮೂಲಕವೇ ಹಾದುಹೋಗಬೇಕು.

ನಮ್ಮ ಕಡೆ ಅಪರೂಪವಾದ ಅಂಥದ್ದೊಂದು ಹಳೆಯ ಗಾಡಿಯನ್ನು ಕಲ್ಯಾಣದುರ್ಗದ ಹತ್ತಿರದ ತೋಟದವರೊಬ್ಬರು ಕೊಂಡಿದ್ದರು. ಮುಂದೆ ಮಣ್ಣು ಎತ್ತುವ ಬಕೆಟ್ ಸಿಕ್ಕಿಸಿಕೊಂಡಿದ್ದರು. ಕೀಲಿನ ಪಕ್ಕದ ಫ್ರೇಮ್ ಬಿರುಕು ಬಿಟ್ಟು, ನಾನು ನೋಡುವ ಹೊತ್ತಿಗೆ ಅದರ ಮೇಲೆ ಮೂರು ಪಟ್ಟಿಗಳು ಕೂತಿದ್ದವು. ಒಂದಕ್ಕಿಂತ ಒಂದು ದಪ್ಪ. ಮೊದಲ ಪಟ್ಟಿ ಮುಗಿದಲ್ಲಿ ಎರಡನೇ ಬಿರುಕು, ಎರಡನೆಯದು ಮುಗಿದಲ್ಲಿ ಮೂರನೆಯದು.

ಇದು ಏಕೆ ಹೀಗೆ ಎಂಬುದು ಅಡಿಕೆ ಕೊಯ್ಯುವ ದೋಟಿ ಹಿಡಿದವರಿಗೆ ಬೇಗ ಅರ್ಥವಾಗುತ್ತದೆ. ಬಿದಿರಿನ ದೋಟಿ ಉದ್ದಕ್ಕೂ ಬಳುಕುತ್ತದೆ, ಅದಕ್ಕೇ ತಾಳುತ್ತದೆ. ಅದರ ಒಂದು ಮೊಳಕ್ಕೆ ಕಬ್ಬಿಣದ ಪೈಪ್ ತೊಡಿಸಿ ನೋಡಿ. ಪೈಪಿನ ಒಳಗೆ ಮುರಿಯುವುದಿಲ್ಲ, ಪೈಪ್ ಮುಗಿಯುವ ಜಾಗದಲ್ಲಿ ಸರಿಯಾಗಿ ಮುರಿಯುತ್ತದೆ. ಫ್ರೇಮೂ ಹಾಗೇ. ಅಡ್ಡಕ್ಕೆ ನೇರವಾಗಿ ಕತ್ತರಿಸಿದ ದಪ್ಪ ಪಟ್ಟಿ ಬಿರುಕನ್ನು ನಿಲ್ಲಿಸುವುದಿಲ್ಲ, ಅದರ ವಿಳಾಸ ಬದಲಿಸುತ್ತದೆ ಅಷ್ಟೆ.

ಇನ್ನೊಂದು ತಪ್ಪು ತಿಳಿವಳಿಕೆ, ಫ್ರೇಮ್ ಒಮ್ಮೆಲೇ ಮುರಿಯುತ್ತದೆ ಎಂಬುದು. ತುಂಡಾದ ಕಬ್ಬಿಣದ ಮುಖ ನೋಡಿದರೆ ಗೊತ್ತಾಗುತ್ತದೆ. ಹಳೆಯ ಭಾಗ ನಯವಾಗಿ, ತುಕ್ಕು ಹಿಡಿದು, ಮರಳಿನ ಮೇಲೆ ಅಲೆ ಬಿಟ್ಟುಹೋದಂಥ ಗೆರೆಗಳಿರುತ್ತವೆ. ಕೊನೆಗೆ ಮುರಿದ ಭಾಗ ಮಾತ್ರ ಸಕ್ಕರೆಯಂತೆ ಹೊಳೆಯುತ್ತದೆ. ಅಂದರೆ ಸಾವಿರಾರು ಸಲ ಭಾರ ಬಿದ್ದು, ಎದ್ದು, ಪ್ರತಿ ಸಲ ಕೂದಲೆಳೆಯಷ್ಟೂ ಇಲ್ಲದಷ್ಟು ಮುಂದುವರಿದು ಬಂದ ಬಿರುಕು ಅದು. 1954ರಲ್ಲಿ ಬ್ರಿಟನ್ನಿನ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದುಹೋದಾಗ, ಅದೇ ಮಾದರಿಯ ವಿಮಾನದ ಮೈಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಮತ್ತೆ ಮತ್ತೆ ಒತ್ತಡ ಕೊಟ್ಟು ಪರೀಕ್ಷಿಸಿದರು. ಕಿಂಡಿಯ ಮೂಲೆಯಿಂದ ಬಿರುಕು ಹೊರಟಿತು. ಬಕೆಟ್ ಕಟ್ಟಿದ ಟ್ರ್ಯಾಕ್ಟರಿನಲ್ಲೂ ಬಿರುಕು ಹೊರಡುವುದು ಬೋಲ್ಟಿನ ತೂತಿನಿಂದಲೋ ವೆಲ್ಡಿನ ಮೂಲೆಯಿಂದಲೋ.

ಈ ಗಾಡಿಯಲ್ಲಿ ಮೂಲ ಕಾರಣ ಫ್ರೇಮೇ ಅಲ್ಲ. ಕೀಲಿನ ಬುಷ್ ಸವೆದು ಪಿನ್ ಆಡುತ್ತಿತ್ತು. ಬಕೆಟ್ ತುಂಬಿದ ಗಾಡಿ ಕಲ್ಲು ಹತ್ತಿ ಇಳಿದಾಗಲೆಲ್ಲ ಆ ಸಡಿಲು ಸುತ್ತಿಗೆಯಂತೆ ಕಿವಿಗೆ ಬಡಿಯುತ್ತಿತ್ತು. ಬುಷ್ ಬಿಟ್ಟು ಫ್ರೇಮ್ ಮಾತ್ರ ಗಟ್ಟಿ ಮಾಡುವುದೆಂದರೆ ಮಾಡು ಸೋರುವಾಗ ನೆಲ ಒರೆಸಿದ ಹಾಗೆ.

ನಾವು ಮೂರೂ ಪಟ್ಟಿ ತೆಗೆದೆವು. ಮಾಲೀಕರಿಗೆ ಸಿಟ್ಟು ಬಂತು: "ಪಟ್ಟಿ ಹಾಕೋಕೆ ಕರೆಸಿದ್ರೆ ಇರೋದನ್ನೂ ಕಿತ್ತಾಕ್ತಿದ್ದೀರಲ್ಲಪ್ಪಾ!" ಬಣ್ಣ ಕೆರೆದು, ಬಿರುಕು ತೋರಿಸುವ ಕೆಂಪು ದ್ರಾವಣ ಹಚ್ಚಿ ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದೆವು. ಕಣ್ಣಿಗೆ ಕಂಡದ್ದಕ್ಕಿಂತ ಎರಡು ಬೆರಳು ಉದ್ದಕ್ಕೆ ಕೆಂಪು ಗೆರೆ ಮೂಡಿತು. ಗೆರೆ ಮುಗಿಯುವಲ್ಲಿಂದ ಸ್ವಲ್ಪ ಆಚೆ ಸಣ್ಣ ತೂತು ಕೊರೆದೆವು, ಚೂಪು ತುದಿ ದುಂಡಗಾದರೆ ಬಿರುಕು ಮುಂದೆ ಓಡುವುದಿಲ್ಲ. ಆಮೇಲೆ ಬಿರುಕನ್ನು ತಳದವರೆಗೆ ವಿ ಆಕಾರದಲ್ಲಿ ಕೆತ್ತಿದೆವು. ಬಿರುಕಿನ ಬಾಯಿಗೆ ಮಾತ್ರ ಲೋಹ ತುಂಬಿದರೆ ಒಳಗೆ ಅದು ಹಾಗೇ ಕಾಯುತ್ತಿರುತ್ತದೆ.

ಬ್ಯಾಟರಿ ಕಳಚಿ, ಡೀಸೆಲ್ ಟ್ಯಾಂಕ್ ಇಳಿಸಿದ ಮೇಲೆ ವೆಲ್ಡಿಂಗ್. ಅರ್ತ್ ಕ್ಲಾಂಪನ್ನು ವೆಲ್ಡ್ ಮಾಡುವ ತುಂಡಿಗೇ ಹಾಕಬೇಕು. ಕೀಲಿನ ಆಚೆ ಬದಿಗೆ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹರಿದು ಅದನ್ನು ಸುಡುತ್ತದೆ. ಎರಡು ಕಿವಿಗಳ ತೂತು ಒಂದೇ ಗೆರೆಯಲ್ಲಿ ಉಳಿಯಲೆಂದು ಒಂದು ಉದ್ದ ಶಾಫ್ಟ್ ತೂರಿಸಿಟ್ಟು, ಸ್ವಲ್ಪ ಬಿಸಿ ಮಾಡಿ, ಆ ಬದಿ ಈ ಬದಿ ತುಂಡು ತುಂಡಾಗಿ ವೆಲ್ಡ್ ಮಾಡಿದೆವು. ರಾಡ್ 7018. ಗ್ರಿಲ್ಲಿಗೆ ಬಳಸುವ 6013 ಇಲ್ಲಿಗಲ್ಲ. ಹಾರ್ಡ್‌ವೇರ್ ಅಂಗಡಿ ಇರುವ ನಮ್ಮವರು ಇದನ್ನು ಗಮನಿಸಬೇಕು: 7018ರ ಪ್ಯಾಕೆಟ್ ಒಡೆದು ಬಿಡಿ ಮಾರಿ ಉಳಿದದ್ದನ್ನು ಮಳೆಗಾಲವಿಡೀ ಶೆಲ್ಫಿನಲ್ಲಿಟ್ಟರೆ ಅದರ ಲೇಪ ತೇವ ಹೀರುತ್ತದೆ. ಆ ತೇವದ ಹೈಡ್ರೋಜನ್ ವೆಲ್ಡಿನೊಳಗೆ ಸೇರಿ ತಣ್ಣಗಾದ ಮೇಲೆ ಹೊಸ ಬಿರುಕು ತರುತ್ತದೆ. ಒಣ ಹಿಂದೂಪುರಕ್ಕಿಂತ ನಮ್ಮ ಮಂಗಳೂರಿನ ಕಡೆ ಇದರ ಅಪಾಯ ಹೆಚ್ಚು.

ಬೋರಿಂಗ್ ಮಾಡಿಸಿ ಹೊಸ ಬುಷ್ ಹಾಕಿ, ಕೊನೆಗೆ ನಾವೂ ಒಂದು ಪಟ್ಟಿ ಹಾಕಿದೆವು. ಫ್ರೇಮಿಗಿಂತ ದಪ್ಪದ್ದಲ್ಲ, ಎರಡೂ ತುದಿ ಮೀನಿನ ಬಾಲದ ಕಡೆ ಸಣ್ಣಗಾಗುವಂತೆ ಇಳಿಜಾರು. ಫ್ರೇಮಿನ ಅಂಚಿಗೆ ಅಡ್ಡವಾಗಿ ಎಲ್ಲೂ ವೆಲ್ಡ್ ಎಳೆಯಲಿಲ್ಲ.

ಎರಡು ದಿನದ ಕೆಲಸದಲ್ಲಿ ವೆಲ್ಡಿಂಗ್ ಮೆಷಿನ್ ಓಡಿದ್ದು ಎರಡು ಗಂಟೆಯೂ ಇಲ್ಲ. ಇಂಚಿನ ಲೆಕ್ಕ ಹಿಡಿದರೆ ಹಳೆಯ ಮೂರು ಪಟ್ಟಿಗಳಿಗೆ ಸಿಕ್ಕ ಕೂಲಿಯೇ ಹೆಚ್ಚು. ನನ್ನ ದೂರು ಇರುವುದೇ ಇಲ್ಲಿ. ನೋಡುವುದಕ್ಕೆ, ಕೆತ್ತುವುದಕ್ಕೆ, ಅಳೆಯುವುದಕ್ಕೆ ಕೂಲಿ ಇಲ್ಲವೆಂದಾದರೆ ಯಾವ ವೆಲ್ಡರ್ ಅದನ್ನು ಮಾಡುತ್ತಾನೆ? ಅವನೂ ಸಂಜೆ ಮನೆಗೆ ಮೀನು ಒಯ್ಯಬೇಕು. ದಪ್ಪ ಪಟ್ಟಿ ಗಿರಾಕಿಗೆ ಕಾಣುತ್ತದೆ, ಕೊರೆದ ತೂತು ಕಾಣುವುದಿಲ್ಲ. "ತೂಗಿ ಕೊಟ್ಟದ್ದಕ್ಕೆ ಮಾತ್ರ ಜನ ದುಡ್ಡು ಕೊಡುವುದು, ಮೋನೇ" ಎಂದು ಉಪ್ಪ ಈಗಲೂ ಹೇಳುತ್ತಾರೆ. ಅಕ್ಕಿ, ಸಕ್ಕರೆಗೆ ಅವರ ಮಾತು ಸರಿ.

ರೈತರ ಅವಸರ ಸುಳ್ಳಲ್ಲ, ಅದನ್ನೂ ಹೇಳಬೇಕು. ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ, ನಮ್ಮ ಕರಾವಳಿಯ ಆರನೇ ಒಂದು ಭಾಗದಷ್ಟು. ಶೇಂಗಾ ಬಿತ್ತನೆಗೆ ಹದ ಸಿಗುವುದು ಕೆಲವೇ ದಿನ. ಆಗ ಗಾಡಿ ಎರಡು ದಿನ ನಿಂತರೆ ಆ ವರ್ಷವೇ ಕೈಬಿಡಬಹುದು. ಅಂಥ ಹೊತ್ತಿನಲ್ಲಿ ತಾತ್ಕಾಲಿಕವಾಗಿ ವೆಲ್ಡ್ ಮಾಡಿಕೊಡಲು ನನ್ನ ತಕರಾರಿಲ್ಲ. ಆದರೆ ಬಕೆಟ್ ಕಳಚಬೇಕು, ಹೊಲ ಬಿಟ್ಟು ರಸ್ತೆಗೆ ಇಳಿಯಬಾರದು, ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಲೇಬಾರದು. ಕೀಲಿನ ಕಿವಿ ಹರಿದರೆ ಗಾಡಿ ನಿಲ್ಲುವುದಿಲ್ಲ, ಮಗುಚುತ್ತದೆ.

ನಮ್ಮ ಮನೆಗಳಲ್ಲಿ ಇನ್ನೊಂದು ಮಾತಿದೆ: ಡಿಪ್ಲೊಮಾ ಮಾಡಿ ವೆಲ್ಡಿಂಗ್ ಶೆಡ್ಡಿನಲ್ಲಿ ಕೂರುವುದಾ? ಗಲ್ಫಿಗೆ ಹೋಗಿ ಅದೇ ಕೆಲಸಕ್ಕೆ ಪರೀಕ್ಷೆ ಕೊಟ್ಟು ಸರ್ಟಿಫಿಕೇಟ್ ತಂದರೆ ಮಾತ್ರ ಮರ್ಯಾದೆ. ಊರಿನಲ್ಲಿ ಲಾರಿ ಚಾಸಿಸ್ ನೋಡುವ ಹುಡುಗನಿಗೆ ಆ ಮರ್ಯಾದೆಯೂ ಇಲ್ಲ, ನೋಡಿದ್ದಕ್ಕೆ ಫೀಸೂ ಇಲ್ಲ. ಡಾಕ್ಟರು ಮದ್ದು ಬರೆಯದೆ ಕಳಿಸಿದರೂ ನಾವು ಫೀಸು ಕೊಟ್ಟು ಬರುತ್ತೇವಲ್ಲ. ಫ್ರೇಮಿನ ರಿಪೇರಿಯಲ್ಲೂ ಪರೀಕ್ಷೆಗೊಂದು ಬಿಲ್ಲು, ವೆಲ್ಡಿಂಗಿಗೊಂದು ಬಿಲ್ಲು ಬೇರೆ ಬೇರೆ ಬರೆಯಬೇಕೆಂದು ನಾನು ಎರಡು ವರ್ಷದಿಂದ ಹಟ ಹಿಡಿದಿದ್ದೇನೆ. ಕೆಲವು ಗಿರಾಕಿಗಳು ಬೇರೆ ಶೆಡ್ಡಿಗೆ ಹೋಗಿದ್ದಾರೆ, ಹೋಗಲಿ.

ಕಲ್ಯಾಣದುರ್ಗದ ಆ ಗಾಡಿಯ ಪಟ್ಟಿಯ ತುದಿಗಳಿಗೆ ಬಿಳಿ ಪೇಂಟ್ ಬಳಿದು ಕೊಟ್ಟಿದ್ದೇವೆ. ವಾರಕ್ಕೊಮ್ಮೆ ಗ್ರೀಸ್ ಹಾಕುವಾಗ ಬಟ್ಟೆಯಿಂದ ಒರೆಸಿ ನೋಡಿದರೆ ಸಾಕು. ಬಿರುಕು ಮತ್ತೆ ಶುರುವಾದರೆ ಬಿಳಿಯ ಮೇಲೆ ತುಕ್ಕಿನ ಗೆರೆ ಮೊದಲು ಕಾಣುತ್ತದೆ. ಲಾರಿ, ಪಿಕಪ್ ಇಟ್ಟವರು ಸ್ಪ್ರಿಂಗ್ ಬ್ರಾಕೆಟ್ಟಿನ ಸುತ್ತ ಇವತ್ತೇ ಹಾಗೆ ಬಳಿಯಬಹುದು, ಒಂದು ಸಣ್ಣ ಡಬ್ಬಿ ಧಾರಾಳ ಸಾಕು.