ಎದುರುಮೇಜಿನ ಹಗೆ ಮತ್ತು ಒಲುಮೆ

ಒಂದೇ ಕಚೇರಿಯಲ್ಲಿ ದುಡಿಯುವ ಇಬ್ಬರು, ಒಬ್ಬರನ್ನೊಬ್ಬರು ಕಂಡರಾಗದವರು, ಮಾತುಮಾತಿಗೆ ಕೊಂಕು ತೆಗೆಯುವವರು, ಒಂದೇ ಮುಂಬಡ್ತಿಯ ಮೇಲೆ ಕಣ್ಣಿಟ್ಟು ಪರಸ್ಪರರ ತಪ್ಪುಗಳನ್ನು ಎಣಿಸುತ್ತ ಕುಳಿತವರು, ಕಡೆಗೊಮ್ಮೆ ತಮ್ಮ ದ್ವೇಷವೆಲ್ಲ ಅನುರಾಗವಾಗಿ ಪರಿಣಮಿಸಿರುವುದನ್ನು ಕಂಡು ತಾವೇ ಬೆರಗಾಗುವ ಕಥೆ ಇಂದಿನ ಓದುಗರಿಗೂ ಪ್ರೇಕ್ಷಕರಿಗೂ ಬಹು ಪ್ರಿಯವಾದದ್ದು. ಇದನ್ನು ಹಗುರವಾದ ವಿನೋದವೆಂದು ತಳ್ಳಿಹಾಕುವ ಹಿರಿಯರಿದ್ದಾರೆ. ಇದನ್ನೇ ಜೀವನದ ನಿಯಮವೆಂದು ನಂಬಿ, ತಿರಸ್ಕಾರ ಕಂಡಲ್ಲೆಲ್ಲ ಗುಪ್ತವಾದ ಪ್ರೇಮವನ್ನು ಅರಸುವ ತರುಣರೂ ಇದ್ದಾರೆ. ಇವೆರಡೂ ಸರಿಯಾದ ನಿಲುವುಗಳಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಹಗೆಯಲ್ಲಿ ಬಗೆಗಳುಂಟು. ಒಲುಮೆಯಾಗಿ ಮಾಗಬಲ್ಲ ಹಗೆ ಒಂದು. ಒಲುಮೆಯ ಹೆಸರನ್ನು ಎಂದಿಗೂ ಪಡೆಯಬಾರದ ಹಗೆ ಮತ್ತೊಂದು. ಇವುಗಳ ಅಂತರವನ್ನು ಅರಿಯದೆ ಈ ಕಥೆಗೆ ಮನಸೋಲುವುದು ಅಪಾಯಕರ. ಅರಿತು ಮನಸೋಲುವುದಾದರೆ ಅದರಲ್ಲಿ ಮನುಷ್ಯಸ್ವಭಾವದ ಬಗೆಗೆ ಕಲಿಯಬೇಕಾದದ್ದು ಬಹಳವಿದೆ.

ಈ ಜಾಡಿನ ಕಥೆಗಳಲ್ಲಿ ಶ್ರೇಷ್ಠವೆಂದು ನಾನು ತಿಳಿದಿರುವುದು 1940ರಲ್ಲಿ ಹಾಲಿವುಡ್ಡಿನಲ್ಲಿ ತಯಾರಾದ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ ಎಂಬ ಚಲನಚಿತ್ರ. ಹಂಗೇರಿಯ ನಾಟಕಕಾರ ಮಿಕ್ಲೋಶ್ ಲಾಸ್ಲೊ 1937ರಲ್ಲಿ ಬರೆದ, ಸುಗಂಧದ್ರವ್ಯದ ಅಂಗಡಿಯೊಂದನ್ನು ಕುರಿತ ನಾಟಕ ಅದಕ್ಕೆ ಆಧಾರ. ಬರ್ಲಿನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನಿರ್ದೇಶಕ ಅರ್ನ್‌ಸ್ಟ್ ಲುಬಿಚ್ ಅದನ್ನು ಬುಡಾಪೆಸ್ಟ್ ನಗರದ ಒಂದು ಚರ್ಮದ ಸಾಮಾನಿನ ಅಂಗಡಿಯ ಕಥೆಯಾಗಿ ರೂಪಿಸಿದನು. ಜೇಮ್ಸ್ ಸ್ಟೀವರ್ಟ್ ಅಭಿನಯಿಸಿರುವ ಕ್ರಾಲಿಕ್ ಆ ಅಂಗಡಿಯ ಹಿರಿಯ ಗುಮಾಸ್ತ. ಮಾರ್ಗರೆಟ್ ಸಲವನ್ ಅಭಿನಯಿಸಿರುವ ಕ್ಲಾರಾ ಕೆಲಸವನ್ನರಸಿ ಬಂದವಳು. ಮುಚ್ಚಳ ತೆರೆದಾಗಲೆಲ್ಲ ಹಾಡು ನುಡಿಸುವ ಸಿಗರೇಟು ಪೆಟ್ಟಿಗೆಗಳನ್ನು ತರಿಸಬೇಕೆಂಬ ಆಸೆ ಯಜಮಾನನಿಗೆ. ಅವು ಬಿಕರಿಯಾಗವು ಎಂಬುದು ಕ್ರಾಲಿಕನ ಅನುಭವದ ಮಾತು. ಇಲ್ಲಿ ಕೆಲಸವಿಲ್ಲವೆಂದು ಅವನಿಂದ ಹೇಳಿಸಿಕೊಂಡ ಕ್ಲಾರಾ, ಅದೇ ಪೆಟ್ಟಿಗೆಯನ್ನು ಕೈಗೆತ್ತಿಕೊಂಡು, ಇದು ಮಿಠಾಯಿಯ ಪೆಟ್ಟಿಗೆ, ತೆರೆದಾಗಲೆಲ್ಲ ಹಾಡಿ ‘ಹೆಚ್ಚು ತಿನ್ನಬೇಡ’ ಎಂದು ನೆನಪು ಮಾಡಿಕೊಡುತ್ತದೆ ಎಂದು ಗ್ರಾಹಕಳೊಬ್ಬಳನ್ನು ಒಪ್ಪಿಸಿ ಅಲ್ಲಿಯೇ ಮಾರಿಬಿಡುತ್ತಾಳೆ. ಕೆಲಸವೂ ದೊರೆಯುತ್ತದೆ, ಕ್ರಾಲಿಕನ ಮುಖಭಂಗವೂ ಆಗುತ್ತದೆ. ಅಂದಿನಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅದೇ ಅವಧಿಯಲ್ಲಿ ಇವರಿಬ್ಬರೂ, ಪರಸ್ಪರರ ಹೆಸರನ್ನರಿಯದೆ, ಅಂಚೆಯ ಮೂಲಕ ಅತ್ಯಂತ ಸುಕುಮಾರವಾದ ಪತ್ರಮೈತ್ರಿಯನ್ನು ನಡೆಸುತ್ತಿರುತ್ತಾರೆ. ಹಗಲು ಅಂಗಡಿಯ ಕಟ್ಟೆಯ ಬಳಿ ಸಹಿಸಲಾರದ ವ್ಯಕ್ತಿಯೇ ರಾತ್ರಿ ಕಾಗದದಲ್ಲಿ ಆರಾಧಿಸುವ ವ್ಯಕ್ತಿ.

ಆ ಚಿತ್ರದ ಒಂದು ದೃಶ್ಯವನ್ನು ಕಂಡವರು ಮರೆಯಲಾರರು. ಅಂಚೆ ಕಚೇರಿಯ ಗೂಡುಪೆಟ್ಟಿಗೆಗಳ ಒಳಬದಿಯಿಂದ ನಾವು ನೋಡುತ್ತಿರುತ್ತೇವೆ. ಕೈಗವಸು ತೊಟ್ಟ ಕ್ಲಾರಾಳ ಕೈ 237ನೆಯ ಗೂಡಿನೊಳಕ್ಕೆ ಬಂದು, ಬರಿದಾದ ತಳವನ್ನೂ ಮೂಲೆಗಳನ್ನೂ ತಡವಿ, ಏನೂ ದೊರೆಯದೆ ಹಿಂದಕ್ಕೆ ಸರಿಯುತ್ತದೆ. ಅನಂತರ ಆ ಕಿರಿದಾದ ಚೌಕದಲ್ಲಿ ಅವಳ ಮುಖ ಕಾಣಿಸಿಕೊಂಡು, ನಿಜವಾಗಿಯೂ ಕಾಗದವಿಲ್ಲವೆಂದು ಖಚಿತವಾದ ಮೇಲೆ ಬಾಡುತ್ತದೆ. ಅಂಗಡಿಯಲ್ಲಿ ಮುಳ್ಳಿನಂತೆ ಮಾತನಾಡುವ ಹೆಂಗಸಿನ ಅಂತರಂಗ ಎಷ್ಟು ಒಂಟಿಯಾದದ್ದೆಂಬುದು ಈ ಒಂದು ಗಳಿಗೆಯಲ್ಲಿ ಬಯಲಾಗುತ್ತದೆ. ಅವರ ಜಗಳದ ಮೂಲವಾದರೂ ಏನು? ಜೀವನೋಪಾಯದ ಭಯವಲ್ಲದೆ ಬೇರಲ್ಲ. ಯಜಮಾನನ ಹುಬ್ಬು ಗಂಟಿಕ್ಕಿದರೆ ಕೆಲಸ ಹೋದೀತೆಂಬ ಕಾಲ; ಕೆಲಸ ಹೋದರೆ ಮತ್ತೊಂದು ಸಿಗುವ ಭರವಸೆಯಿಲ್ಲದ ಕಾಲ. ತನ್ನ ಅನುಭವದ ಬೆಲೆ ಕುಸಿದೀತೆಂಬ ಅಂಜಿಕೆ ಅವನಿಗೆ. ತನ್ನ ಯೋಗ್ಯತೆಯನ್ನು ದಿನದಿನವೂ ಸ್ಥಾಪಿಸಬೇಕಾದ ಒತ್ತಡ ಅವಳಿಗೆ. ಅವರು ಹಗೆಗೊಂಡದ್ದು ಪರಸ್ಪರರ ವ್ಯಕ್ತಿತ್ವವನ್ನಲ್ಲ, ಪರಸ್ಪರರಿಂದ ತಮ್ಮ ನೆಲೆಗೆ ಬಂದೊದಗಿದ ಅಪಾಯವನ್ನು. ಆ ಅಪಾಯದ ಹಿಂದಿರುವ ಮನುಷ್ಯನನ್ನು ಕಾಣಲು ಅವರಿಗೆ ಪತ್ರಗಳೆಂಬ ಇನ್ನೊಂದು ಕಿಟಕಿ ಬೇಕಾಯಿತು.

ಇಂಥ ಹಗೆ ಒಲುಮೆಯಾಗುವುದು ಅಸಂಭವವಲ್ಲವೆಂಬುದನ್ನು ನಮ್ಮ ಪ್ರಾಚೀನ ರಸಶಾಸ್ತ್ರವೂ ಪ್ರಕಾರಾಂತರವಾಗಿ ಸಮರ್ಥಿಸುತ್ತದೆ. ಶೃಂಗಾರರಸವನ್ನು ಪೋಷಿಸುವ ಸಂಚಾರಿಭಾವಗಳನ್ನು ಕುರಿತು ಹೇಳುವಾಗ ಭರತಮುನಿ ನಾಟ್ಯಶಾಸ್ತ್ರದಲ್ಲಿ ಮೂರನ್ನು ಮಾತ್ರ ಹೊರಗಿಡುತ್ತಾನೆ: ಆಲಸ್ಯ, ಔಗ್ರ್ಯ, ಜುಗುಪ್ಸೆ. ಉಳಿದವುಗಳಿಗೆಲ್ಲ ಅಲ್ಲಿ ಎಡೆಯುಂಟು. ಆ ಉಳಿದವುಗಳಲ್ಲಿ ಅಸೂಯೆಯಿದೆ, ಗರ್ವವಿದೆ, ಅಪಮಾನವನ್ನು ಸಹಿಸದ ಅಮರ್ಷವಿದೆ. ಪ್ರತಿಸ್ಪರ್ಧಿಗಳ ನಡುವೆ ಸಹಜವಾಗಿ ತಲೆಯೆತ್ತುವ ಭಾವಗಳು ಇವೇ ಅಲ್ಲವೆ? ಇನ್ನೊಬ್ಬನ ಸಾಮರ್ಥ್ಯವನ್ನು ಮನಸ್ಸಿನಲ್ಲಿ ಒಪ್ಪಿಕೊಂಡವನಿಗಷ್ಟೇ ಅವನ ಬಗ್ಗೆ ಅಸೂಯೆ ಹುಟ್ಟೀತು. ಆದರೆ ಕ್ರೌರ್ಯದ ಬಯಕೆಯಾದ ಔಗ್ರ್ಯ, ಎದುರಿನವರನ್ನು ಹೇಯವೆಂದು ಬಗೆಯುವ ಜುಗುಪ್ಸೆ, ಇನ್ನೊಬ್ಬರನ್ನು ಅರಿಯುವ ಶ್ರಮವನ್ನೇ ವಹಿಸದ ಆಲಸ್ಯ ಇವು ಇದ್ದಲ್ಲಿ ಶೃಂಗಾರಕ್ಕೆ ಸ್ಥಾನವಿಲ್ಲ. ಆ ಪ್ರಾಚೀನ ವಿವೇಕವನ್ನು ಇಂದಿನ ಕಚೇರಿಗೆ ಅನ್ವಯಿಸಿದರೆ ತಪ್ಪಾಗಲಾರದು.

ನಮ್ಮದೇ ಜಿಲ್ಲಾ ಕೇಂದ್ರದ ಒಂದು ಕಚೇರಿಯಲ್ಲಿ ಎದುರುಬದುರು ಮೇಜುಗಳಲ್ಲಿ ಕುಳಿತ ಇಬ್ಬರು ವಿಷಯ ನಿರ್ವಾಹಕರನ್ನು ಊಹಿಸಿಕೊಳ್ಳೋಣ. ಜ್ಯೇಷ್ಠತಾ ಪಟ್ಟಿಯಲ್ಲಿ ಒಬ್ಬರ ಹೆಸರಿನ ಕೆಳಗೆ ಇನ್ನೊಬ್ಬರ ಹೆಸರು. ತೆರವಾಗಲಿರುವ ಮೇಲಿನ ಹುದ್ದೆ ಒಂದೇ. “ಮೇಡಂ, ಈ ಕಡತ ಇನ್ನೂ ಎಷ್ಟು ದಿನ ನಿಮ್ಮ ಮೇಜಿನ ಮೇಲಿರಬೇಕು?” ಎಂದು ಇವನು. “ದಾಖಲೆ ಪೂರ್ತಿ ಲಗತ್ತಿಸಿ ಕೊಡಿ ಸರ್, ಅವತ್ತೇ ಮುಂದಕ್ಕೆ ಹೋಗುತ್ತೆ” ಎಂದು ಅವಳು. ಹೀಗೆ ತಿಂಗಳುಗಳು ಕಳೆಯುತ್ತವೆ. ಮಾರ್ಚಿ ಕೊನೆಯ ವಾರದಲ್ಲಿ, ಬಿಲ್ಲುಗಳು ಖಜಾನೆಗೆ ಹೋಗಲೇಬೇಕಾದ ಧಾವಂತದಲ್ಲಿ, ರಾತ್ರಿಯವರೆಗೆ ಕುಳಿತು ಕೆಲಸ ಮಾಡುವಾಗ ಅವನಿಗೆ ಒಂದು ವಿಷಯ ಹೊಳೆಯುತ್ತದೆ: ಅವಳು ಆಕ್ಷೇಪಣೆ ಬರೆದದ್ದು ಹಟದಿಂದಲ್ಲ, ಒಂದು ದಾಖಲೆಯ ಕೊರತೆಯಿಂದ ಯಾರೋ ವಿಧವೆಯ ಕುಟುಂಬ ಪಿಂಚಣಿ ತಿಂಗಳುಗಟ್ಟಲೆ ನಿಂತುಹೋಗಬಾರದೆಂಬ ಕಾಳಜಿಯಿಂದ. ಅವಳಿಗೂ ಒಂದು ವಿಷಯ ಕಾಣುತ್ತದೆ: ಲೆಕ್ಕದಲ್ಲಿ ತಪ್ಪು ಹೊರಬಿದ್ದಾಗ ಆತ ಅದನ್ನು ಕೆಳಗಿನ ನೌಕರನ ತಲೆಗೆ ಕಟ್ಟದೆ, ಮೇಲಧಿಕಾರಿಯ ಮುಂದೆ ತಾನೇ ನಿಂತು ಒಪ್ಪಿಕೊಂಡನು. ಗೌರವ ಹುಟ್ಟುವುದು ಇಂಥ ಗಳಿಗೆಯಲ್ಲಿ. ನೆಂಟರ ಮುಂದೆ ಕಾಫಿ ತಟ್ಟೆ ಹಿಡಿದು ನಿಂತ ಅರ್ಧ ಗಂಟೆಯಲ್ಲಿ ತಿಳಿಯಲಾರದ ಗುಣ, ಸಂಕಟದ ಹೊತ್ತಿನಲ್ಲಿ ಮನುಷ್ಯ ಮಾಡುವ ಕೆಲಸದಲ್ಲಿ ತಾನಾಗಿ ತಿಳಿಯುತ್ತದೆ. ಗೌರವದಿಂದ ವಿಶ್ವಾಸ, ವಿಶ್ವಾಸದಿಂದ ಅನುರಾಗ ಮೊಳೆತರೆ ಅದರಲ್ಲಿ ಅಸಹಜವಾದದ್ದೇನೂ ಇಲ್ಲ.

ಆದರೆ ನಮ್ಮ ರಂಗಭೂಮಿಯೂ ಚಿತ್ರರಂಗವೂ ಬಹುಕಾಲ ಮೆಚ್ಚಿ ನಡೆಸಿಕೊಂಡು ಬಂದಿರುವ ಕಥೆ ಬೇರೆ ತೆರನಾದದ್ದು. ಷೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದಿ ಶ್ರೂ’ ನಾಟಕದಲ್ಲಿ ಗಂಡನು ಗಯ್ಯಾಳಿಯೆನಿಸಿಕೊಂಡ ಹೆಂಡತಿಯನ್ನು ಊಟ ನಿದ್ರೆಗಳಿಲ್ಲದಂತೆ ದಣಿಸಿ ಮಣಿಸುತ್ತಾನೆ. ಪರ್ವತವಾಣಿಯವರ ‘ಬಹದ್ದೂರ್ ಗಂಡ’ ಅದರ ಕನ್ನಡ ರೂಪ. ಅದರಿಂದ ಹುಟ್ಟಿ 1989ರಲ್ಲಿ ತೆರೆಕಂಡ ‘ನಂಜುಂಡಿ ಕಲ್ಯಾಣ’ ಅಪಾರವಾದ ಜನಪ್ರಿಯತೆಯನ್ನು ಗಳಿಸಿತು. ಆ ಕೃತಿಗಳ ಹಾಸ್ಯವನ್ನೂ ನಟರ ಪ್ರತಿಭೆಯನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಹಗೆ ಪ್ರೇಮವಾಗುವುದು ಒಬ್ಬರು ಸೋತದ್ದರಿಂದ, ಇಬ್ಬರೂ ಅರಿತದ್ದರಿಂದಲ್ಲ. ನಿರಾಕರಿಸಿದ ಹೆಣ್ಣನ್ನು ಬೀದಿಬೀದಿಯಲ್ಲಿ ಹಿಂಬಾಲಿಸಿ, ಹಾಡಿ, ಪೀಡಿಸಿ, ಕಡೆಗೆ ಒಲಿಸಿಕೊಳ್ಳುವ ನಾಯಕರು ನಮ್ಮ ತೆರೆಯ ಮೇಲೆ ಒಬ್ಬಿಬ್ಬರಲ್ಲ. ಇವುಗಳನ್ನೇ ನೋಡಿ ಬೆಳೆದ ಯುವಕನೊಬ್ಬ ಕಚೇರಿಗೆ ಬಂದು, ತನ್ನತ್ತ ತಿರುಗಿಯೂ ನೋಡದ ಸಹೋದ್ಯೋಗಿಯ ಮೌನವನ್ನು ಒಪ್ಪಿಗೆಯೆಂದೂ ಅವಳ ಸಿಟ್ಟನ್ನು ನಾಚಿಕೆಯೆಂದೂ ತಿಳಿದರೆ, ಆ ತಿಳಿವಳಿಕೆಯ ಬೆಲೆಯನ್ನು ಆಕೆ ತೆರಬೇಕಾಗುತ್ತದೆ.

ಆ ಬೆಲೆ ಎಷ್ಟೆಂಬುದನ್ನು ಈ ದೇಶ ಬಹಳ ತಡವಾಗಿ ಮನಗಂಡಿತು. ರಾಜಸ್ಥಾನದಲ್ಲಿ ಬಾಲ್ಯವಿವಾಹವನ್ನು ತಡೆಯಲೆತ್ನಿಸಿದ ಕಾರ್ಯಕರ್ತೆಯ ಮೇಲೆ 1992ರಲ್ಲಿ ನಡೆದ ಘೋರ ಅತ್ಯಾಚಾರದ ಹಿನ್ನೆಲೆಯಲ್ಲಿ, 1997ರಲ್ಲಿ ಸರ್ವೋಚ್ಚ ನ್ಯಾಯಾಲಯ, ಕೆಲಸದ ಸ್ಥಳದಲ್ಲಿನ ಲೈಂಗಿಕ ಕಿರುಕುಳವನ್ನು ಕುರಿತ ವಿಶಾಖಾ ಪ್ರಕರಣದ ತೀರ್ಪನ್ನಿತ್ತಿತು. ಅದಾಗಿ 16 ವರ್ಷಗಳ ಮೇಲೆ, 2013ರಲ್ಲಿ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ ಕಾಯಿದೆ ಜಾರಿಗೆ ಬಂತು. ಹತ್ತು ಅಥವಾ ಅದಕ್ಕೂ ಹೆಚ್ಚು ಮಂದಿ ದುಡಿಯುವ ಪ್ರತಿಯೊಂದು ಕಡೆಯೂ ಮಹಿಳೆಯ ಅಧ್ಯಕ್ಷತೆಯಲ್ಲಿ ಆಂತರಿಕ ಸಮಿತಿ ಇರಬೇಕು, ಅದರ ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಮಹಿಳೆಯರಿರಬೇಕು, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು ಎಂಬುದು ಅದರ ವಿಧಿ. ಈ ಕಾಯಿದೆ ಪ್ರೇಮವನ್ನು ನಿಷೇಧಿಸಿಲ್ಲ. ಇಷ್ಟವಿಲ್ಲದವರ ಮೇಲೆ ಹೇರುವ ನಡವಳಿಕೆಯನ್ನು ನಿಷೇಧಿಸಿದೆ. ಒಲುಮೆಗೂ ಕಿರುಕುಳಕ್ಕೂ ನಡುವಣ ಗಡಿಯನ್ನು ಎಳೆಯುವ ಅಧಿಕಾರ ಅದನ್ನು ಅನುಭವಿಸುವವರದೇ ಎಂಬ ಈ ತತ್ತ್ವ ಕಾನೂನಿನಲ್ಲಿ ಮಾತ್ರವಲ್ಲ, ಕಥೆ ಹೇಳುವವರ ಮನಸ್ಸಿನಲ್ಲಿಯೂ ನೆಲೆಗೊಳ್ಳಬೇಕಾಗಿದೆ.

ಅಧಿಕಾರದ ತಾರತಮ್ಯವೆಂಬ ಇನ್ನೊಂದು ಕ್ಲಿಷ್ಟವಾದ ಪ್ರಶ್ನೆಯಿದೆ. ನಾನು ಇಷ್ಟೊಂದು ಮೆಚ್ಚುವ ಲುಬಿಚ್‌ನ ಚಿತ್ರದಲ್ಲಿಯೂ ಈ ವಿಷಯದಲ್ಲಿ ಒಂದು ಕೊರತೆಯನ್ನು ಕಾಣುತ್ತೇನೆ. ಕಥೆಯ ಉತ್ತರಾರ್ಧದಲ್ಲಿ ಕ್ರಾಲಿಕನು ಅಂಗಡಿಯ ವ್ಯವಸ್ಥಾಪಕನಾಗುತ್ತಾನೆ. ತನ್ನ ಪತ್ರಸಖಿ ಕ್ಲಾರಾ ಎಂಬುದೂ ಅವನಿಗಾಗಲೇ ತಿಳಿದಿರುತ್ತದೆ. ಅವಳಿಗೆ ಏನೂ ತಿಳಿಯದು. ಹುದ್ದೆಯೂ ರಹಸ್ಯವೂ ಒಬ್ಬನ ಕೈಯಲ್ಲೇ ಕೂಡಿಕೊಂಡಾಗ ಸಮಾನತೆಯೆಲ್ಲಿ ಉಳಿಯಿತು? ಅವನು ಸಜ್ಜನನಾದುದರಿಂದ ಕಥೆ ಸುಖಾಂತವಾಯಿತು; ಸಜ್ಜನಿಕೆಯೊಂದನ್ನೇ ನಂಬಿ ವ್ಯವಸ್ಥೆಯನ್ನು ಕಟ್ಟಲಾಗುವುದಿಲ್ಲ. ಆಸ್ಟ್ರೇಲಿಯದ ಲೇಖಕಿ ಸ್ಯಾಲಿ ಥಾರ್ನ್ 2016ರಲ್ಲಿ ಪ್ರಕಟಿಸಿದ ‘ದಿ ಹೇಟಿಂಗ್ ಗೇಮ್’ ಕಾದಂಬರಿ ಈ ದೃಷ್ಟಿಯಿಂದ ಗಮನಾರ್ಹವಾದದ್ದು. ಪ್ರಕಾಶನ ಸಂಸ್ಥೆಯೊಂದರಲ್ಲಿ ಎದುರುಬದುರು ಕುಳಿತು ಒಂದೇ ಹುದ್ದೆಗಾಗಿ ಸೆಣಸುವ ಲೂಸಿ ಮತ್ತು ಜೋಶುವಾ ಅದರ ನಾಯಕಿ ನಾಯಕರು. ಗೆದ್ದವರು ಸೋತವರಿಗೆ ಮೇಲಧಿಕಾರಿಯಾಗಬೇಕಾದ ಆ ಬಿಕ್ಕಟ್ಟು ಬಗೆಹರಿಯುವುದು ಜೋಶುವಾ ಬೇರೆ ಸಂಸ್ಥೆಯಲ್ಲಿ ಕೆಲಸ ಹಿಡಿಯುವುದರಿಂದ. ಪ್ರೇಮಕ್ಕಾಗಿ ಒಬ್ಬರು ಮತ್ತೊಬ್ಬರ ಅಧೀನರಾಗದಂತೆ ದಾರಿ ಹುಡುಕಬೇಕೆಂಬ ಈ ವಿವೇಕವೇ ನಮ್ಮ ಕಾಲದ ಪ್ರಣಯಕಥೆ ಹಳೆಯದಕ್ಕೆ ಸೇರಿಸಿದ ನಿಜವಾದ ಮೌಲ್ಯ.

ನಮ್ಮ ಸಮಾಜದ ಮಟ್ಟಿಗೆ ಈ ವಿಷಯಕ್ಕೆ ಬುಡಾಪೆಸ್ಟಿನಲ್ಲಿ ಇಲ್ಲದ ಗಾಂಭೀರ್ಯವೊಂದುಂಟು. ಕುಲ ಗೋತ್ರಗಳನ್ನು ಕೇಳದೆ ಅಪರಿಚಿತರಿಬ್ಬರು ಪಕ್ಕಪಕ್ಕದಲ್ಲಿ ಕುಳಿತು, ಒಂದೇ ಕೆಲಸ ಮಾಡಿ, ಒಂದೇ ಬುತ್ತಿಯಿಂದ ಹಂಚಿಕೊಂಡು ಉಣ್ಣುವ ಅವಕಾಶ ನಮ್ಮಲ್ಲಿ ಕಚೇರಿಯಂಥ ಕೆಲವೇ ಎಡೆಗಳಲ್ಲಿ ದೊರೆಯುತ್ತದೆ. ಅಲ್ಲಿ ಮೊದಮೊದಲು ಹುಟ್ಟುವ ಅಪ್ರೀತಿಯಲ್ಲಿ ಎಷ್ಟೋ ವೇಳೆ ನಮ್ಮ ನಮ್ಮ ಮನೆಗಳಿಂದ ಹೊತ್ತುತಂದ ಪೂರ್ವಗ್ರಹವೇ ಅಡಗಿರುತ್ತದೆ. ಆ ಪೂರ್ವಗ್ರಹ ದಿನಗೆಲಸದ ಒರೆಗೆ ಸವೆದು, ಎದುರಿನವರು ಮನುಷ್ಯರೆಂದು ಕಂಡುಬರುವುದಾದರೆ, ಅದು ಇಬ್ಬರ ಸುಖಕ್ಕೆ ಮಾತ್ರವೇ ಸಂಬಂಧಿಸಿದ ಸಂಗತಿಯಲ್ಲ. ಹೀಗೆ ಕೂಡಿದವರು 1954ರ ವಿಶೇಷ ವಿವಾಹ ಕಾಯಿದೆಯ ಆಶ್ರಯ ಕೋರಿದಾಗ, 30 ದಿನಗಳ ಮೊದಲೇ ಕೊಟ್ಟ ಅವರ ಸೂಚನೆ ವಿವಾಹಾಧಿಕಾರಿಯ ಕಚೇರಿಯ ಗೋಡೆಯ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತೆ ತೂಗುತ್ತದೆ. ಆ ಒಂದು ತಿಂಗಳು ಮನೆಯವರ ಒತ್ತಾಯಕ್ಕೂ ಬೆದರಿಕೆಗೂ ಎಡೆಯಾಗುವ ಸಂಭವವಿದೆ. ಮಕ್ಕಳು ಮದುವೆಗೆ ಮೊದಲೇ ಪರಸ್ಪರರ ಕೋಪತಾಪಗಳನ್ನು ಕಂಡಿದ್ದಾರೆ, ಕಂಡೂ ಆರಿಸಿಕೊಂಡಿದ್ದಾರೆ ಎಂಬುದು ಹೆತ್ತವರಿಗೆ ಆತಂಕಕ್ಕಿಂತ ಹೆಚ್ಚಾಗಿ ಸಮಾಧಾನವನ್ನು ತರಬೇಕಾದ ವಿಷಯ.

ಆದುದರಿಂದ ಸಂಸ್ಥೆಗಳನ್ನು ನಡೆಸುವವರಲ್ಲಿ ನನ್ನ ಅರಿಕೆ ಇಷ್ಟು: ಆಂತರಿಕ ಸಮಿತಿಯನ್ನು ಕಾಗದದ ಮೇಲಿನ ಅಲಂಕಾರವಾಗಿಸದೆ ಸಜೀವವಾಗಿಡಿ, ಅದೇ ಹೊತ್ತಿನಲ್ಲಿ, ಸಮಾನರಾದ ಇಬ್ಬರು ಸ್ವೇಚ್ಛೆಯಿಂದ ಒಲಿದರೆ ಅದನ್ನು ಅಪರಾಧದಂತೆ ಕಾಣಬೇಡಿ, ಒಬ್ಬರ ಕೆಲಸದ ಮೌಲ್ಯಮಾಪನವನ್ನು ಮತ್ತೊಬ್ಬರು ಬರೆಯದಂತೆ ಏರ್ಪಾಡು ಮಾಡಿದರೆ ಸಾಕು. ಸಹೋದ್ಯೋಗಿಗಳಲ್ಲಿ ಅರಿಕೆ: ಇಬ್ಬರು ಜಗಳವಾಡಿದ ಮಾತ್ರಕ್ಕೆ ಅವರ ಹೆಸರುಗಳನ್ನು ಜೋಡಿಸಿ ನಗೆಯಾಡಬೇಡಿ, ನಿಮ್ಮ ಹರಟೆಯ ಭಾರ ಬಹುತೇಕ ಹೆಣ್ಣಿನ ಮೇಲೆಯೇ ಬೀಳುತ್ತದೆ. ತರುಣರಲ್ಲಿ ಅರಿಕೆ: ನಿಮ್ಮ ಪ್ರತಿಸ್ಪರ್ಧಿಯ ಕೆಲಸವನ್ನು ಮತ್ಸರವಿಲ್ಲದೆ ಒಮ್ಮೆ ನೋಡಿ, ಅಲ್ಲಿ ಗೌರವಕ್ಕೆ ಅರ್ಹವಾದದ್ದು ಕಂಡರೆ ಅದನ್ನು ಬಾಯಿಬಿಟ್ಟು ಹೇಳಿ, ಹೇಳಿದ ಮೇಲೆ ಪ್ರತಿಫಲವನ್ನು ನಿರೀಕ್ಷಿಸಬೇಡಿ. ಅದರಿಂದ ಪ್ರೇಮ ಹುಟ್ಟಿದರೆ ಭಾಗ್ಯ. ಹುಟ್ಟದಿದ್ದರೂ ಒಬ್ಬ ಶತ್ರುವಿದ್ದ ಕಡೆ ಒಬ್ಬ ಸಹೋದ್ಯೋಗಿ ಉಳಿಯುತ್ತಾರೆ. ದಿನದ ಎಚ್ಚರದ ಹೊತ್ತಿನಲ್ಲಿ ಬಹುಪಾಲನ್ನು ಕಚೇರಿಯಲ್ಲಿ ಕಳೆಯುವ ಮನುಷ್ಯನ ಬಾಳಿಗೆ ಅದು ಸಣ್ಣ ಲಾಭವಲ್ಲ.